ಬೆಂಚ್ ಮೇಲೆ ಯಾರು?

ಐಟಿಯಲ್ಲಿ ಕೆಲಸ ಮಾಡೋರಿಗೆ 'ಬೆಂಚ್' ಅಂದ್ರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸಂಬಳ ಬರ್ತಿರುತ್ತೆ, ಪ್ರಾಜೆಕ್ಟ್ ಇರಲ್ಲ. ಬ್ಯಾಡ್ಜ್ ತೋರಿಸಿ ಒಳಗೆ ಹೋಗ್ತೀವಿ, ಎರಡು ಸಲ ಕಾಫಿ ಕುಡೀತೀವಿ, ಯಾರೂ ಕೇಳದ ಒಂದು ಆನ್‌ಲೈನ್ ಕೋರ್ಸ್ ಮುಗಿಸ್ತೀವಿ, ಸಂಜೆ ಮನೆಗೆ ಬರ್ತೀವಿ. ತಿಪಟೂರಲ್ಲಿರೋ ನಮ್ಮಮ್ಮನ ತಲೆಯಲ್ಲಿ ಮಾತ್ರ ಬೆಂಚ್ ಅಂದ್ರೆ ಇಂದಿಗೂ ಸ್ಕೂಲಿನದ್ದೇ. ಹೋಮ್‌ವರ್ಕ್ ಮಾಡದಿದ್ರೆ ಮೇಷ್ಟ್ರು ಅದರ ಮೇಲೆ ಹತ್ತಿಸಿ ನಿಲ್ಲಿಸ್ತಾರಲ್ಲ, ಅದು. 2018ರಲ್ಲಿ "ಬೆಂಚ್ ಮೇಲಿದ್ದೀನಿ ಅಮ್ಮ" ಅಂದಾಗ "ಅಂಥದ್ದೇನೋ ಮಾಡ್ದೆ?" ಅಂತ ಗಾಬರಿಯಾಗಿದ್ರು.

ಈಗ ನಾನಿರೋದು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಸೆಪ್ಟೆಂಬರ್‌ನಿಂದ ಡಿಸೆಂಬರ್ ಕೊನೆವರೆಗೆ, ಪ್ರತಿ ಭಾನುವಾರ ಬೆಳಿಗ್ಗೆ, ಬೇರೆಯವರನ್ನ ಬೆಂಚ್ ಮೇಲೆ ಕೂರಿಸೋ ಕೆಲಸ ನಂದು. ಫ್ಯಾಂಟಸಿ ಫುಟ್‌ಬಾಲ್ ಆಡ್ತೀನಿ.

ಇದು ಕಾಲಿಗಿಂತ ಕೈಗೇ ಹೆಚ್ಚು ಕೆಲಸ ಇರೋ ಅಮೆರಿಕನ್ ಫುಟ್‌ಬಾಲ್. ಎನ್‌ಎಫ್‌ಎಲ್‌ನಲ್ಲಿ 32 ತಂಡ, 18 ವಾರ, ಒಂದು ತಂಡಕ್ಕೆ 17 ಪಂದ್ಯ. ಆಫೀಸಲ್ಲಿ ನಾವು ಹತ್ತು ಜನ ಸೇರಿ ಒಂದು ಲೀಗ್ ಮಾಡ್ಕೊಂಡಿದ್ದೀವಿ. ತಲಾ 40 ಡಾಲರ್. ಆಗಸ್ಟ್ ಕೊನೆಯಲ್ಲಿ ಒಂದು ಸಂಜೆ ಕೂತು ಸರದಿ ಪ್ರಕಾರ ಆಟಗಾರರನ್ನ ಆರಿಸ್ಕೊಳ್ತೀವಿ. ನಮ್ಮಲ್ಲಿ ಫ್ಯಾಂಟಸಿ ಅಂದ ಕೂಡ್ಲೇ ಡ್ರೀಮ್ ಇಲೆವೆನ್ ನೆನಪಾಗುತ್ತೆ (2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾನೂನು ಬಂದ್ಮೇಲೆ ಅಲ್ಲಿ ಹಣದ ಸ್ಪರ್ಧೆ ನಿಂತೇಹೋಯ್ತು). ಅಲ್ಲಿ ಪಂದ್ಯಕ್ಕೊಂದು ಟೀಮು, ಲಕ್ಷ ಜನ ಒಟ್ಟಿಗೆ ಕೊಹ್ಲಿಯನ್ನೇ ಕ್ಯಾಪ್ಟನ್ ಮಾಡಬಹುದು. ಇಲ್ಲಿ ಹಾಗಿಲ್ಲ. ಒಬ್ಬ ಆಟಗಾರ ಲೀಗ್‌ನಲ್ಲಿ ಒಬ್ಬರಿಗೆ ಮಾತ್ರ ಸ್ವಂತ, ಅದೂ ಇಡೀ ಸೀಸನ್‌ಗೆ. ಹದಿನೈದು ಜನ ನಿಮ್ಮ ಹತ್ರ ಇರ್ತಾರೆ. ವಾರಕ್ಕೆ ಒಂಬತ್ತು ಜನರನ್ನ ಆಡಿಸಬೇಕು, ಆರು ಜನರನ್ನ ಬೆಂಚ್ ಮೇಲೆ ಕೂರಿಸಬೇಕು. ಬೆಂಚ್ ಮೇಲಿದ್ದವನು ಅವತ್ತು ಎಷ್ಟೇ ಚೆನ್ನಾಗಿ ಆಡಲಿ, ಅವನ ಪಾಯಿಂಟು ನಿಮ್ಮ ಲೆಕ್ಕಕ್ಕೆ ಬರಲ್ಲ. ಆದ್ರೆ ಆ್ಯಪ್ ಅದನ್ನ ಮುಚ್ಚಿಡೋದೂ ಇಲ್ಲ. ಹೆಸರಿನ ಪಕ್ಕದಲ್ಲೇ ಬೂದು ಬಣ್ಣದಲ್ಲಿ ತೋರಿಸ್ತಾ ಇರುತ್ತೆ, ಪಕ್ಕದ ಮನೆ ಹುಡುಗನ ಮಾರ್ಕ್ಸ್ ಕಾರ್ಡ್ ತೋರಿಸಿದ ಹಾಗೆ.

ಈ ಹುಚ್ಚು ಶುರುವಾಗಿದ್ದು 1962ರಲ್ಲಂತೆ. ಓಕ್‌ಲೆಂಡ್ ರೈಡರ್ಸ್ ತಂಡದಲ್ಲಿ ಪಾಲಿದ್ದ ಬಿಲ್ ವಿಂಕೆನ್‌ಬಾಕ್ ಅನ್ನೋರು ನ್ಯೂಯಾರ್ಕ್‌ನ ಒಂದು ಹೋಟೆಲ್ ರೂಮಿನಲ್ಲಿ ಕೂತು ನಿಯಮ ಬರೆದ್ರು, ಮರುವರ್ಷ ಓಕ್‌ಲೆಂಡ್‌ನಲ್ಲಿ ಎಂಟು ಟೀಮಿನ ಲೀಗ್ ನಡೀತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕೈಯಲ್ಲೇ ಲೆಕ್ಕ ಹಾಕ್ತಿದ್ರು ಅಂದ್ರೆ ಅವರ ತಾಳ್ಮೆಗೆ ಕೈಮುಗೀಬೇಕು.

ಒಂಬತ್ತು ಜಾಗದಲ್ಲಿ ಹೆಚ್ಚಿನವಕ್ಕೆ ತಲೆ ಕೆಡಿಸ್ಕೊಳ್ಳೋದು ಬೇಡ. ಕ್ವಾರ್ಟರ್‌ಬ್ಯಾಕ್ ಒಬ್ಬನೇ, ಚೆಂಡು ಎಸೆಯೋನು ಅವನೇ, ಪ್ರತಿ ಸಲ ಚೆಂಡು ಅವನ ಕೈಗೆ ಬರುತ್ತೆ. ನಿದ್ದೆ ಕೆಡಿಸೋರು ರಿಸೀವರ್‌ಗಳು. ಮೈದಾನದ ಅಂಚಿನಿಂದ ಓಡಿ, ಎಸೆದ ಚೆಂಡನ್ನ ಹಿಡಿಯೋರು. ನಮ್ಮ ಲೀಗ್‌ನಲ್ಲಿ ಒಂದು ಕ್ಯಾಚ್‌ಗೆ 1 ಪಾಯಿಂಟ್, 10 ಯಾರ್ಡ್‌ಗೆ 1, ಟಚ್‌ಡೌನ್‌ಗೆ 6. ಲೆಕ್ಕ ಸುಲಭ. ಕಷ್ಟ ಏನಂದ್ರೆ, ರಿಸೀವರ್ ಎಷ್ಟೇ ಚೆನ್ನಾಗಿ ಓಡಲಿ, ಎದುರಿಗಿರೋನನ್ನ ಎಷ್ಟೇ ಯಾಮಾರಿಸಲಿ, ಕ್ವಾರ್ಟರ್‌ಬ್ಯಾಕ್ ಅವನ ಕಡೆ ನೋಡದಿದ್ರೆ ಅವನಿಗೆ ಸೊನ್ನೆ. ಕ್ರಿಕೆಟ್‌ನಲ್ಲಿ ಸ್ಟ್ರೈಕೇ ಸಿಗದೆ ಇಪ್ಪತ್ತನೇ ಓವರ್ ಮುಗಿದು ಹೋದ ನಾನ್-ಸ್ಟ್ರೈಕರ್ ಇರ್ತಾನಲ್ಲ, ಪ್ಯಾಡು ಕಟ್ಕೊಂಡು, ಬೆವರು ಸುರಿಸ್ಕೊಂಡು, ಸೊನ್ನೆಗೆ ನಾಟೌಟ್. ಅವನ ಥರ.

ಹೊಸಬರೆಲ್ಲ ಹೋದ ವಾರದ ಪಾಯಿಂಟ್ ನೋಡಿ ಈ ವಾರದ ಟೀಮ್ ಮಾಡ್ತಾರೆ. ನಾನು ನೋಡೋದು 'ಟಾರ್ಗೆಟ್'. ಅಂದ್ರೆ ಅವನ ಕಡೆಗೆ ಚೆಂಡು ಎಷ್ಟು ಸಲ ಬಂತು, ಹಿಡಿದ್ನೋ ಬಿಟ್ನೋ ಆಮೇಲೆ. ಎರಡೇ ಸಲ ಚೆಂಡು ಬಂದು ಅದರಲ್ಲೊಂದು ಅರವತ್ತು ಯಾರ್ಡ್ ಟಚ್‌ಡೌನ್ ಆಗಿದ್ರೆ ಪಾಯಿಂಟ್ ಪಟ್ಟಿಯಲ್ಲಿ ಅವನು ರಾಜ. ಹತ್ತು ಸಲ ಬಂದು ಐದು ಹಿಡಿದು ಐವತ್ತು ಯಾರ್ಡ್ ಮಾಡಿದವನು ಸಪ್ಪೆ ಕಾಣ್ತಾನೆ. ಮುಂದಿನ ವಾರ ನಾನು ಆಡಿಸೋದು ಈ ಸಪ್ಪೆಯವನನ್ನೇ. ಹತ್ತು ಸಲ ಚೆಂಡು ಕಳಿಸಿದ್ದಾರೆ ಅಂದ್ರೆ ಅಲ್ಲಿ ಯಾರೋ ಅವನನ್ನ ನಂಬಿದ್ದಾರೆ ಅಂತ ಅರ್ಥ. ನಂಬಿಕೆ ವಾರದಿಂದ ವಾರಕ್ಕೆ ಅಷ್ಟು ಬೇಗ ಬದಲಾಗಲ್ಲ, ಟಚ್‌ಡೌನ್ ಬದಲಾಗುತ್ತೆ.

ಪೂಕಾ ನಕುವಾ ಅನ್ನೋ ಹುಡುಗನ ಕಥೆ ನೋಡಿ. 2023ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಐದನೇ ಸುತ್ತು, 177ನೇ ಆಯ್ಕೆ. ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದಲ್ಲಿ ಕೂಪರ್ ಕಪ್ ಅನ್ನೋ ದೊಡ್ಡ ರಿಸೀವರ್ ಇದ್ದ. 2021ರಲ್ಲಿ 145 ಕ್ಯಾಚ್, 1,947 ಯಾರ್ಡ್ ಮಾಡಿದ್ದವನು. ಅವನು ಇರೋವರೆಗೆ ಹುಡುಗನ ಕಡೆ ಚೆಂಡು ಬರೋ ಮಾತೇ ಇಲ್ಲ ಅಂತ ಎಲ್ಲರೂ ಅಂದ್ಕೊಂಡಿದ್ರು. ಸೀಸನ್ ಶುರುವಿಗೆ ಕಪ್‌ಗೆ ತೊಡೆಯ ಸ್ನಾಯು ಎಳೆದು ಮೊದಲ ನಾಲ್ಕು ಪಂದ್ಯ ಹೊರಗೆ. ನಕುವಾ ಮೊದಲ ಪಂದ್ಯದಲ್ಲಿ 10 ಕ್ಯಾಚ್, ಎರಡನೇದರಲ್ಲಿ 15. ವರ್ಷದ ಕೊನೆಗೆ 105 ಕ್ಯಾಚ್, 1,486 ಯಾರ್ಡ್. ಮೊದಲ ವರ್ಷದ ಆಟಗಾರನಿಗೆ ಎರಡೂ ಆಗ ದಾಖಲೆ. ಆಗಸ್ಟ್‌ನಲ್ಲಿ ನಮ್ಮ ಲೀಗ್‌ನ ಹತ್ತು ಜನರಲ್ಲಿ ಒಬ್ಬರೂ ಅವನ ಹೆಸರು ಎತ್ತಿರಲಿಲ್ಲ.

ಇದನ್ನ ಓದಿದಾಗೆಲ್ಲ ನನಗೆ ಆ ಐದು ತಿಂಗಳು ನೆನಪಾಗುತ್ತೆ. ಬೆಂಚಲ್ಲಿದ್ದಾಗ ಪ್ರತಿ ಸೋಮವಾರ ನಮ್ಮ ಸ್ಕಿಲ್ ಪಟ್ಟಿ ಅಪ್‌ಡೇಟ್ ಮಾಡಿ ಕಳಿಸಬೇಕಿತ್ತು. ನಾನು ಜಾವಾ ಅಂತ ಬರೀತಿದ್ದೆ, ಫೋನ್ ಬರ್ತಿರಲಿಲ್ಲ. ಮೂರನೇ ತಿಂಗಳಿಗೆ ನಮ್ಮ ಜೊತೆಯವರಲ್ಲಿ ಕೆಲವರು ತಮ್ಮಲ್ಲೇ ಏನೋ ಕೊರತೆ ಇದೆ ಅಂತ ನಂಬೋಕೆ ಶುರು ಮಾಡಿದ್ರು. ಪ್ರಾಜೆಕ್ಟ್ ಸಿಕ್ಕವರು ನಮಗಿಂತ ಜಾಣರು ಅಂತ ಮ್ಯಾನೇಜರ್‌ಗಳೂ ನಂಬಿದ್ರು. ಕೊನೆಗೆ ನನಗೆ ಸಿಕ್ಕಿದ್ದು ರಾತ್ರಿ ಪಾಳಿಯ ಸಪೋರ್ಟ್ ಕೆಲಸ. ಅದನ್ನ ಮಾಡ್ತಿದ್ದವನು ಮದುವೆಗೆ ಅಂತ ಊರಿಗೆ ಹೋಗಿ ವಾಪಸ್ ಬರಲಿಲ್ಲ, ಅಷ್ಟೇ ಕಾರಣ. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ ಇಲ್ಲಿಗೆ ಬಂದೆ. ಬೆಂಚ್ ಮೇಲಿದ್ದ ಮೇ ತಿಂಗಳಿಗೂ ಪ್ರಾಜೆಕ್ಟ್ ಸಿಕ್ಕ ಜೂನ್‌ಗೂ ನಡುವೆ ನಾನು ಹೊಸದಾಗಿ ಏನೂ ಕಲಿತಿರಲಿಲ್ಲ ಅಂತ ಆಣೆ ಮಾಡಿ ಹೇಳ್ತೀನಿ.

ಇರಲಿ, ಮತ್ತೆ ಆಟಕ್ಕೆ ಬರೋಣ.

ಟಾರ್ಗೆಟ್ ನೋಡಿದ ಮೇಲೆ ನೋಡಬೇಕಾದ್ದು ಗಾಯದ ವರದಿ. ಬುಧವಾರ, ಗುರುವಾರ, ಶುಕ್ರವಾರ ಯಾರು ಪೂರ್ತಿ ಅಭ್ಯಾಸ ಮಾಡಿದ್ರು, ಯಾರು ಅರ್ಧ, ಯಾರು ಬರಲೇ ಇಲ್ಲ ಅಂತ ತಂಡಗಳು ಹೇಳಲೇಬೇಕು. ಬುಧವಾರ ರಜೆ ತಗೊಂಡು ಶುಕ್ರವಾರ ಪೂರ್ತಿ ಓಡಿದವನ ಬಗ್ಗೆ ಚಿಂತೆ ಬೇಡ. ಬುಧವಾರ ಓಡಿ ಶುಕ್ರವಾರ ಕೂತವನನ್ನ ಕಂಡ್ರೆ ಭಯಪಡಿ. ಕೊನೇ ಸತ್ಯ ಗೊತ್ತಾಗೋದು ಪಂದ್ಯಕ್ಕೆ 90 ನಿಮಿಷ ಮುಂಚೆ, ಆಡದವರ ಪಟ್ಟಿ ಬಂದಾಗ. ನಮಗೆ ಭಾನುವಾರ ಬೆಳಿಗ್ಗೆ ಹನ್ನೊಂದೂವರೆ. ಚಳಿಗಾಲದಲ್ಲಿ ತಿಪಟೂರಲ್ಲಿ ಆಗ ರಾತ್ರಿ ಹತ್ತು, ಅಮ್ಮ ಮಲಗೋಕೆ ಮುಂಚೆ ಫೋನ್ ಮಾಡೋ ಹೊತ್ತು. ಹಾಗಾಗಿ ಅವರಿಗೂ ಈಗ ಅಷ್ಟಿಷ್ಟು ಗೊತ್ತು. "ಇವತ್ತು ಯಾರನ್ನಪ್ಪ ಕೂರಿಸ್ದೆ? ಪಾಪ" ಅಂತಾರೆ. ಆ 'ಪಾಪ' ಮಾತ್ರ ಯಾವ ವಾರವೂ ತಪ್ಪಲ್ಲ.

ಮಳೆಗೆ ಹೆದರಬೇಡಿ, ಗಾಳಿಗೆ ಹೆದರಿ. ಒದ್ದೆ ಚೆಂಡನ್ನ ಹೇಗೋ ಹಿಡೀತಾರೆ, ಜೋರು ಗಾಳಿಯಲ್ಲಿ ಕ್ವಾರ್ಟರ್‌ಬ್ಯಾಕ್ ದೂರ ಎಸೆಯೋಕೇ ಹೋಗಲ್ಲ. ನಮ್ಮಿಂದ ಎರಡು ಗಂಟೆ ದಾರಿಯ ಕ್ಲೀವ್‌ಲ್ಯಾಂಡ್ ಸ್ಟೇಡಿಯಂ ಈರಿ ಸರೋವರದ ದಡದಲ್ಲೇ ಇದೆ, ಡಿಸೆಂಬರ್ ಗಾಳಿ ಅಂದ್ರೆ ಏನು ಅಂತ ಅಲ್ಲಿ ನೋಡಬೇಕು. ಇನ್ನೊಂದು ಚಿಕ್ಕ ಬುದ್ಧಿ: ಗುರುವಾರ ರಾತ್ರಿ ಆಡೋ ರಿಸೀವರ್‌ನ 'ಫ್ಲೆಕ್ಸ್' ಅನ್ನೋ ಸರ್ವಜನಿಕ ಸೀಟಿಗೆ ಹಾಕಬೇಡಿ, ರಿಸೀವರ್ ಜಾಗಕ್ಕೇ ಹಾಕಿ. ಫ್ಲೆಕ್ಸ್‌ನಲ್ಲಿ ರಿಸೀವರ್ ಅಲ್ಲದ ಕೆಲವರನ್ನೂ ಕೂರಿಸಬಹುದು. ಭಾನುವಾರ ಯಾರಿಗಾದ್ರೂ ಜ್ವರ ಬಂದ್ರೆ ಆ ಸೀಟು ಖಾಲಿ ಇರಬೇಕು. ಬಸ್ಸಲ್ಲಿ ಟವೆಲ್ ಹಾಕಿ ಸೀಟು ಹಿಡಿದು ಅಭ್ಯಾಸ ಇರೋ ನಮಗೆ ಇದನ್ನ ಕಲಿಸಬೇಕಾಗಿಲ್ಲ.

ಕೊಲಂಬಸ್ ಜನ ಎರಡು ಬಣ. ಉತ್ತರಕ್ಕೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್, ನೈರುತ್ಯಕ್ಕೆ ಸಿನ್ಸಿನಾಟಿ ಬೆಂಗಾಲ್ಸ್. ಆಫೀಸಲ್ಲಿ ಬೆಂಗಾಲ್ಸ್ ಕಡೆಯವರು ಇವತ್ತಿಗೂ ಹೇಳೋದು 2022ರ ಜನವರಿ 2ರ ಕಥೆ. ಜಮಾರ್ ಚೇಸ್, ಮೊದಲ ವರ್ಷದ ಹುಡುಗ, ಕ್ಯಾನ್ಸಸ್ ಸಿಟಿ ಚೀಫ್ಸ್ ಮೇಲೆ 11 ಕ್ಯಾಚ್, 266 ಯಾರ್ಡ್, 3 ಟಚ್‌ಡೌನ್. ಅದು ಫ್ಯಾಂಟಸಿ ಫೈನಲ್ ನಡೆಯೋ ವಾರ. ನಾನು ಸೇರೋಕೆ ಮುಂಚೆ ನಮ್ಮ ಲೀಗ್‌ನಲ್ಲಿದ್ದ ಒಬ್ಬರು ಅವತ್ತು ಚೇಸ್‌ನ ಬೆಂಚಲ್ಲಿಟ್ಟಿದ್ರಂತೆ. ಅವರು ಆಮೇಲೆ ಬೇರೆ ಕಂಪನಿಗೆ ಹೋದ್ರು. ಇದೇ ಕಾರಣಕ್ಕೆ ಹೋಗಿದ್ದು ಅಂತ ಬೆಂಗಾಲ್ಸ್‌ನವರ ವಾದ.

ನನ್ನ ಡಿಸೆಂಬರ್ ಬಂದಿದ್ದು 2023ರಲ್ಲಿ. ಸೆಮಿಫೈನಲ್‌ಗೆ ನನ್ನ ಹತ್ರ ಬ್ರೌನ್ಸ್‌ನ ಅಮಾರಿ ಕೂಪರ್ ಇದ್ದ (ಕೂಪರ್ ಕಪ್ ಬೇರೆ, ಅಮಾರಿ ಕೂಪರ್ ಬೇರೆ. ಅಮ್ಮನಿಗೆ ಇದನ್ನ ಅರ್ಥ ಮಾಡಿಸೋಕೆ ಎರಡು ವಾರ ಬೇಕಾಯ್ತು). ಬ್ರೌನ್ಸ್ ತಂಡಕ್ಕೆ ಆ ವರ್ಷ ಕ್ವಾರ್ಟರ್‌ಬ್ಯಾಕ್ ನಿಲ್ತಾನೇ ಇರಲಿಲ್ಲ. ಮುಖ್ಯ ಆಟಗಾರನ ಭುಜದ ಮೂಳೆ ಮುರೀತು, ಬದಲಿಗೆ ಬಂದ ಇಬ್ಬರೂ ನಿಲ್ಲಲಿಲ್ಲ. ನವೆಂಬರ್‌ನಲ್ಲಿ ಜೋ ಫ್ಲಾಕೊನ ಕರೆಸಿದ್ರು. ವಯಸ್ಸು 38. ಹತ್ತು ವರ್ಷದ ಹಿಂದೆ ಬಾಲ್ಟಿಮೋರ್‌ಗೆ ಸೂಪರ್ ಬೌಲ್ ಗೆಲ್ಲಿಸಿ, ಪಂದ್ಯಶ್ರೇಷ್ಠ ಆಗಿದ್ದವನು. ಆ ಸೀಸನ್‌ನಲ್ಲಿ ಯಾವ ತಂಡವೂ ಕರೀದೆ ಮನೇಲಿದ್ದ. ಅವನಿಗೆ ಬೆಂಚೂ ಇರಲಿಲ್ಲ ನೋಡಿ.

ಬಂದವನು ಮೊದಲ ಮೂರು ಪಂದ್ಯದಲ್ಲೂ ನಲವತ್ತಕ್ಕಿಂತ ಹೆಚ್ಚು ಸಲ ಚೆಂಡು ಎಸೆದ. ಹೆದರಿಕೆ ಅನ್ನೋದೇ ಇಲ್ಲ, ದೂರ ದೂರಕ್ಕೆ. ನನ್ನ ಲೆಕ್ಕದಲ್ಲಿ ವಿಷಯ ಅಲ್ಲಿಗೆ ಮುಗೀತು. ಕೂಪರ್ ಅದೇ ಕೂಪರ್, ಅವನ ಕಾಲು ಜೋರಾಗಿಲ್ಲ, ಕೈ ದೊಡ್ಡದಾಗಿಲ್ಲ. ಆದ್ರೆ ಅವನ ಕಡೆ ನೋಡೋ ಒಬ್ಬ ಬಂದಿದ್ದಾನೆ. ಜೊತೆಗೆ ಆ ವಾರದ ಪಂದ್ಯ ಹ್ಯೂಸ್ಟನ್‌ನಲ್ಲಿ, ಚಾವಣಿ ಇರೋ ಸ್ಟೇಡಿಯಂ, ಗಾಳಿಯ ಮಾತಿಲ್ಲ. ಹುಟ್ಟಿದಾಗಿಂದ ಬ್ರೌನ್ಸ್ ಅಭಿಮಾನಿಯಾಗಿರೋ ನಮ್ಮ ಟೆಸ್ಟಿಂಗ್ ಲೀಡ್ ಮಾತ್ರ "ಸೆಮಿಫೈನಲ್‌ನಲ್ಲಿ ಬ್ರೌನ್ಸ್ ಆಟಗಾರನ್ನ ನಂಬ್ತೀಯಾ? ನಾನೇ ನಂಬಲ್ಲ" ಅಂದ್ರು. ಡಿಸೆಂಬರ್ 24ರಂದು ಕೂಪರ್ 11 ಕ್ಯಾಚ್, 265 ಯಾರ್ಡ್, 2 ಟಚ್‌ಡೌನ್ ಮಾಡಿದ. ಬ್ರೌನ್ಸ್ ಇತಿಹಾಸದಲ್ಲೇ ಒಂದು ಪಂದ್ಯದ ಅತಿ ಹೆಚ್ಚು ಯಾರ್ಡ್. ನಮ್ಮ ಲೆಕ್ಕದಲ್ಲಿ 49.5 ಪಾಯಿಂಟ್. ಮನೆಯಲ್ಲಿ ಒಬ್ಬನೇ ಕೂಗಾಡಿದ್ದಕ್ಕೆ ಕೆಳಗಿನ ಮನೆಯವರು ಸೂರಿಗೆ ಪೊರಕೆಯಲ್ಲಿ ಗುದ್ದಿದ್ರು.

ಫೈನಲ್‌ನಲ್ಲಿ ಎದುರಾಳಿಯಾಗಿ ಬಂದಿದ್ದು ವಿಜಯವಾಡದ ಗೆಳೆಯ. ನಮ್ಮ ಲೀಗ್‌ನಲ್ಲಿ ನಾವಿಬ್ಬರೇ ಭಾರತೀಯರು. ಅವನ ಕಥೆ ಸ್ವಲ್ಪ ಹೇಳಬೇಕು. ನವೆಂಬರ್ ಮಧ್ಯದಲ್ಲಿ, ಒಂದು ಬುಧವಾರ ಬೆಳಿಗ್ಗೆ ಹದಿನೈದು ನಿಮಿಷದ ಒಂದು ಮೀಟಿಂಗ್‌ನಲ್ಲಿ ಅವನ ಕೆಲಸ ಹೋಗಿತ್ತು. ಅವನ ಟೀಮನ್ನೇ ತೆಗೆದ್ರು. ಎಚ್-1ಬಿ ವೀಸಾದಲ್ಲಿರೋರಿಗೆ ಕೆಲಸ ಹೋದ ದಿನದಿಂದ ಹೆಚ್ಚೆಂದ್ರೆ 60 ದಿನ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲ ಬೇರೆ ವೀಸಾಕ್ಕೆ ಬದಲಾಗಬೇಕು, ಇಲ್ಲ ದೇಶ ಬಿಡಬೇಕು. ಹೆಂಡತಿ, ಎರಡು ವರ್ಷದ ಮಗು, ಮನೆ ಬಾಡಿಗೆ ಒಪ್ಪಂದ ಆಗಸ್ಟ್‌ವರೆಗೆ. ಅಮೆರಿಕದಲ್ಲಿ ನಾವು ಕೆಲಸ ಇಲ್ಲದೆ ಕೂರೋ ಬೆಂಚಿಗೆ ಸಂಬಳವೂ ಇಲ್ಲ, ಕ್ಯಾಲೆಂಡರ್ ಮಾತ್ರ ಇದೆ.

ಲೀಗ್‌ನ ಗುಂಪಿನಲ್ಲಿ ಒಬ್ಬರು ಮೆಲ್ಲಗೆ ಕೇಳಿದ್ರು, ಅವನು ಆಫೀಸಲ್ಲಿಲ್ಲ, ಅವನ ಟೀಮ್ ಏನು ಮಾಡೋಣ ಅಂತ. ನಮ್ಮ ಟೆಸ್ಟಿಂಗ್ ಲೀಡ್ ಒಂದೇ ಸಾಲು ಬರೆದ್ರು: "ಅವನ ಟೀಮ್ ಅವನದು." ಆ ಚರ್ಚೆ ಅಲ್ಲಿಗೆ ನಿಂತಿತು. ಗೆಳೆಯ ಒಂದು ವಾರವೂ ತಪ್ಪದೆ ಟೀಮ್ ಹಾಕಿದ. ಬೆಳಿಗ್ಗೆಯಿಂದ ಸಂಜೆವರೆಗೆ ಇಂಟರ್‌ವ್ಯೂ, ರಾತ್ರಿ ಕೋಡಿಂಗ್ ಪ್ರಶ್ನೆ ಬಿಡಿಸೋದು, ನಡುವೆ ಐದು ನಿಮಿಷ ರಿಸೀವರ್‌ಗಳು. ದಿನದಲ್ಲಿ ತಾನು ಬೇರೆಯವರನ್ನ ಆರಿಸೋ ಹೊತ್ತು ಅದೊಂದೇ ಅಂತ ಒಂದ್ಸಲ ನಗ್ತಾ ಹೇಳಿದ್ದ.

ಫೈನಲ್ ವಾರ ಗುರುವಾರವೇ ನನಗೆ ಹೊಡೆತ ಬಿತ್ತು. ಹಿಮ್ಮಡಿ ನೋವಿಗೆ ಕೂಪರ್ ಆಡಲೇ ಇಲ್ಲ. ಬೆಂಚಲ್ಲಿದ್ದ ಇಬ್ಬರಲ್ಲಿ ಟಾರ್ಗೆಟ್ ಹೆಚ್ಚಿದ್ದವನನ್ನ ಎಬ್ಬಿಸಿದೆ. ಶನಿವಾರ ರಾತ್ರಿ ಡಲ್ಲಾಸ್ ಕೌಬಾಯ್ಸ್‌ನ ಸೀಡೀ ಲ್ಯಾಂಬ್ ಡೆಟ್ರಾಯಿಟ್ ಮೇಲೆ 13 ಕ್ಯಾಚ್, 227 ಯಾರ್ಡ್. ಲ್ಯಾಂಬ್ ಇದ್ದಿದ್ದು ಗೆಳೆಯನ ಹತ್ರ. ಅದರಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ, ಲ್ಯಾಂಬ್‌ನ ಯಾರೂ ಕೂರಿಸಲ್ಲ. ಆದ್ರೂ ಭಾನುವಾರಕ್ಕೆ ನನ್ನ ಆಟಗಾರರು ಜಾಸ್ತಿ ಬಾಕಿ ಇದ್ರು, ಲೆಕ್ಕ ಹತ್ತಿರ ಹತ್ತಿರ ಸಮ.

ಭಾನುವಾರ, ಡಿಸೆಂಬರ್ 31, ಬೆಳಿಗ್ಗೆ ಹತ್ತೂವರೆಗೆ ಅವನ ಫೋನ್.

"ಫ್ಲೆಕ್ಸ್‌ಗೆ ಇಬ್ಬರಿದ್ದಾರೆ ಬ್ರೋ, ಯಾರನ್ನ ಹಾಕ್ಲಿ?"

ನಾನು ನಕ್ಕೆ. "ಇವತ್ತು ಆಡ್ತಿರೋದು ನನ್ನ ಮೇಲೇ ಮಾರಾಯ."

"ಗೊತ್ತು. ಆದ್ರೆ ಟಾರ್ಗೆಟ್ ಎಣಿಸೋನು ನೀನೇ. ಮಂಗಳವಾರ ಫೈನಲ್ ರೌಂಡ್ ಇದೆ, ಓದ್ತಾ ಇದ್ದೀನಿ, ನೋಡೋಕೆ ಪುರುಸೊತ್ತಿಲ್ಲ."

ಹೆಸರು ಕೇಳಿದೆ. (ಇಲ್ಲಿ ಬರೆಯಲ್ಲ, ದೊಡ್ಡ ಹೆಸರುಗಳಲ್ಲ.) ಒಬ್ಬ ಹೋದ ವಾರ ಎರಡು ಟಚ್‌ಡೌನ್ ಹೊಡೆದಿದ್ದ, ಬಂದ ಚೆಂಡು ಮೂರೇ. ಇನ್ನೊಬ್ಬ ಒಂದು ತಿಂಗಳಿಂದ ಟಚ್‌ಡೌನ್ ಮುಖ ನೋಡಿಲ್ಲ, ಆದ್ರೆ ವಾರಕ್ಕೆ ಒಂಬತ್ತು ಹತ್ತು ಸಲ ಚೆಂಡು ಬರ್ತಿತ್ತು. ಎರಡು ಟಚ್‌ಡೌನ್‌ನವನ ಹೆಸರು ಹೇಳಿದ್ರೆ ಅವನು ಒಪ್ಪಿಕೊಳ್ತಿದ್ದ, ಯಾರೂ ತಪ್ಪು ಅನ್ನೋಹಾಗೂ ಇರಲಿಲ್ಲ. ನಾಲ್ಕು ತಿಂಗಳ ಪರಿಶ್ರಮ, 400 ಡಾಲರ್, ಒಂದು ಪ್ಲಾಸ್ಟಿಕ್ ಟ್ರೋಫಿ. ಆಸೆ ಬಂತು. ಬರಲಿಲ್ಲ ಅಂದ್ರೆ ಸುಳ್ಳಾಗುತ್ತೆ.

ಎರಡನೆಯವನನ್ನ ಹಾಕು ಅಂದೆ. "ಟಚ್‌ಡೌನ್ ಇಲ್ವಲ್ಲೋ" ಅಂದ. "ಕೇಳಿದ್ದು ನೀನು, ಹಾಕು" ಅಂದೆ.

ಆ ಸಪ್ಪೆ ಮನುಷ್ಯ ಅವತ್ತು 17 ಪಾಯಿಂಟ್ ಕೊಟ್ಟ. ನಾನು ಎಬ್ಬಿಸಿದವನು 14 ಕೊಟ್ಟ, ಬೆಂಚಲ್ಲೇ ಬಿಟ್ಟವನು 6. ನನ್ನ ಆಯ್ಕೆ ಎಲ್ಲವೂ ಸರಿಯಾಗಿಯೇ ಇತ್ತು. ಒಂಬತ್ತು ಪಾಯಿಂಟಲ್ಲಿ ಸೋತೆ. ಬೆಂಗಾಲ್ಸ್‌ನವರಿಗೆ ಈ ಫೋನ್ ವಿಷಯ ಗೊತ್ತಾದಾಗ "ನಿನಗೆ ತಲೆ ಕೆಟ್ಟಿದೆ" ಅಂತ ತೀರ್ಪು ಕೊಟ್ರು. ಅಮ್ಮ "ಸೋತ್ಯಾ? ಪಾಪ, ಅವನಿಗೆ ಸಿಗ್ತಲ್ಲ ಬಿಡು" ಅಂದ್ರು. ದುಡ್ಡಿನ ಬಗ್ಗೆ ಅಂದ್ರೋ ಕೆಲಸದ ಬಗ್ಗೆ ಅಂದ್ರೋ ನಾನು ಕೇಳಲಿಲ್ಲ.

ಮಂಗಳವಾರದ ಇಂಟರ್‌ವ್ಯೂನಲ್ಲಿ ಅವನು ಆಯ್ಕೆಯಾಗಲಿಲ್ಲ. ಎರಡನೇ ವಾರ ಷಾರ್ಲೆಟ್‌ನ ಇನ್ನೊಂದು ಕಂಪನಿ ಕರೀತು. ಅರವತ್ತು ದಿನ ತುಂಬೋಕೆ ಮೂರು ದಿನ ಇದ್ದಾಗ ಅವರು ಅರ್ಜಿ ಹಾಕಿದ್ರು. ಫೆಬ್ರವರಿಯಲ್ಲಿ ನಾವು ನಾಲ್ಕು ಜನ ಹೋಗಿ ಅವನ ಮನೆ ಸಾಮಾನು ಟ್ರಕ್ಕಿಗೆ ತುಂಬಿದ್ವಿ. ಮಗುವಿನ ಸೈಕಲ್ ಪಕ್ಕದಲ್ಲಿ ಟ್ರೋಫಿ ಇಟ್ಕೊಂಡು ಅವನೇ ಟ್ರಕ್ಕಿನ ಬಾಗಿಲು ಹಾಕಿದ.

ಈಗಲೂ ನಮ್ಮ ಲೀಗ್‌ನಲ್ಲಿದ್ದಾನೆ, ಷಾರ್ಲೆಟ್‌ನಿಂದಲೇ ಆಡ್ತಾನೆ. ಮುಂದಿನ ವರ್ಷ ನಮ್ಮ ಟೆಸ್ಟಿಂಗ್ ಲೀಡ್ ಗೆದ್ರು. ಟ್ರೋಫಿ ಮಾತ್ರ ಇನ್ನೂ ಅವನ ಮನೆಯಲ್ಲೇ ಇದೆ, ಯಾಕಂದ್ರೆ ಕೊರಿಯರ್ ಖರ್ಚು ಗೆದ್ದವರು ಕೊಡಬೇಕೋ ಸೋತವರು ಕೊಡಬೇಕೋ ಅನ್ನೋದು ನಿಯಮದಲ್ಲಿಲ್ಲ. ಇದರ ಬಗ್ಗೆ ಗುಂಪಿನಲ್ಲಿ ಮೂರು ಸಲ ಮತದಾನ ಆಗಿದೆ, ಮೂರೂ ಸಲ ಐದು-ಐದು.